ಮುಂದಿನ ಸೀಟಿನ ನಿಟ್ಟುಸಿರು

ಕಾರಿನ ಎಸಿ ರಿಪೇರಿ ಮಾಡೋನಿಗೆ ದೆವ್ವದ ಅನುಭವ ಇರಲ್ಲ ಅಂತ ಯಾರಾದ್ರೂ ಅಂದ್ರೆ, ಅವರು ಹಳೇ ಕಾರು ಇಟ್ಕೊಂಡಿಲ್ಲ ಅಂತಾನೇ ಅರ್ಥ. ಎಸಿ ಗ್ಯಾಸ್ ಕಣ್ಣಿಗೆ ಕಾಣಲ್ಲ, ಮೂಗಿಗೆ ಸಿಗಲ್ಲ, ಯಾವ ಸಂದಿಯಿಂದ ಹೊರಟೆ ಅಂತ ಹೇಳಿ ಹೋಗಲ್ಲ. ಅಂಥದ್ದರ ಹಿಂದೆ ಬಿದ್ದು ಅನ್ನ ತಿನ್ನೋನಿಗೆ ಇಂಥವು ಆಗ್ತಾನೇ ಇರ್ತವೆ. ನಾನಂತೂ ದೆವ್ವ ನಂಬಲ್ಲ. ಅಮಾವಾಸ್ಯೆ ದಿನ ಶೆಡ್ಡಿಗೆ ಬೇಗ ಬೀಗ ಹಾಕ್ತೀನಿ, ಅದು ಬೇರೆ ವಿಷಯ.

ನಮ್ಮ ಶೆಡ್ಡು ಪಟ್ಟಂದೂರು ಅಗ್ರಹಾರದಲ್ಲಿ, ಐಟಿ ಪಾರ್ಕಿನ ಹಿಂದಿನ ಗೋಡೆಗೆ ಒತ್ತಿಕೊಂಡಿದೆ. ಕೆಲಸಕ್ಕೆ ಇರೋದು ಇಬ್ಬರೇ, ನಾನು ಮತ್ತೆ ಯಾದಗಿರಿ ಕಡೆಯ ಮೇಸ್ತ್ರಿ. ಮೇಸ್ತ್ರಿ ನನಗಿಂತ ದೊಡ್ಡವನು, ಕೈಕೆಲಸ ಚೊಕ್ಕ, ಧೈರ್ಯ ಮಾತ್ರ ಊರಲ್ಲೇ ಬಿಟ್ಟು ಬಂದಿದಾನೆ. ಈಗ ಹೇಳೋ ಪ್ರಸಂಗಗಳೆಲ್ಲಾ ಒಂದೇ ಕಾರಿಂದು. ಬೇರೆ ಕಾರುಗಳದ್ದೂ ಇವೆ, ಆದ್ರೆ ಅವನ್ನ ನೆನೆಸ್ಕೊಂಡ್ರೆ ನಗು ಬರಲ್ಲ.

೧. ಅಲ್ಲಿ ಅತ್ತೆ ಕೂತ್ಕೋತಾರೆ

ಕಾರು ಬಿಳೀದು, ಹಳೇದು, ಆದ್ರೆ ಮೈ ಮೇಲೆ ಒಂದು ಗೀರಿಲ್ಲ. ಯಜಮಾನ್ರು ಅಗ್ರಹಾರದ ಹಳೇ ಮನೆತನದವರು, ನೀರಿನ ಟ್ಯಾಂಕರ್ ವ್ಯವಹಾರ. ಊರವರಿಗೆಲ್ಲಾ ಟ್ಯಾಂಕರ್ ಅಣ್ಣ. ಬೇಸಿಗೆ ಶುರುವಾಗೋ ಹೊತ್ತಿಗೆ ಎಸಿ ತಂಪಾಗ್ತಿಲ್ಲ ಅಂತ ಬಂದ್ರು. ಅವರು ಸ್ಟಿಯರಿಂಗ್ ಹತ್ರ, ಅವರ ಹೆಂಡತಿ ಹಿಂದಿನ ಸೀಟಲ್ಲಿ. ಮುಂದಿನ ಎಡಗಡೆ ಸೀಟು ಖಾಲಿ.

ತಂಪು ಎಷ್ಟು ಬರ್ತಿದೆ ನೋಡೋಣ ಅಂತ ನಾನು ಆ ಖಾಲಿ ಸೀಟಿಗೆ ಒಂದು ಕಾಲಿಟ್ಟೆ. ಹಿಂದಿನಿಂದ ಅಕ್ಕ ಮೆತ್ತಗೆ ಅಂದ್ರು:

“ಅಲ್ಲಿ ಬೇಡಣ್ಣ. ಅಲ್ಲಿ ಅತ್ತೆ ಕೂತ್ಕೋತಾರೆ.”

ಸರಿ, ಅಜ್ಜಿ ದಾರಿಯಲ್ಲಿ ಹತ್ಕೋತಾರೇನೋ ಅಂದ್ಕೊಂಡು, ಎಲ್ಲಿಂದ ಕರ್ಕೊಂಡು ಬರಬೇಕು ಅಂತ ವಿಚಾರಿಸಿದೆ. ಅವ್ವ ತೀರ್ಕೊಂಡು ವರ್ಸ ಆಗ್ತಾ ಬಂತು ಅಂತ ಟ್ಯಾಂಕರ್ ಅಣ್ಣ ಕನ್ನಡಿ ನೋಡ್ಕೊಂಡೇ ಹೇಳಿದ್ರು. ನನ್ನ ಕಾಲು ತಾನಾಗೇ ಆಚೆ ಬಂತು.

ಆಮೇಲೆ ಅಸಲು ತೊಂದರೆ ಹೇಳಿದ್ರು. ಗಾಡಿ ಆಫ್ ಮಾಡಿದ ತಕ್ಷಣ ಮುಂದಿನ ಸೀಟಿನ ಹತ್ರ ಯಾರೋ ನಿಟ್ಟುಸಿರು ಬಿಡ್ತಾರಂತೆ. ನಾನು ನಕ್ಕೆ. ಅವರು ಬೀಗದ ಕೈ ತಿರುಗಿಸಿ ಇಂಜಿನ್ ನಿಲ್ಲಿಸಿದ್ರು. ಡ್ಯಾಶ್‌ಬೋರ್ಡಿನ ಹಿಂದಿನಿಂದ ನಿಧಾನವಾಗಿ ಹುಸ್ಸ್... ಅಂತ ಬಂತು. ಅರ್ಧಕ್ಕೆ ನಿಂತು, ಮತ್ತೆ ಸ್ವಲ್ಪ ಬಂದು, ಕೊನೆಗೆ ಮೆತ್ತಗೆ ಮುಗೀತು. ಬೇಜಾರಾದ ಮುದುಕಿ ಬಿಡೋ ಉಸಿರೇ ಸರಿ. ಅವ್ವ ಬದುಕಿದ್ದಾಗಲೂ ಗಾಡಿ ಎಲ್ಲಿ ನಿಂತರೂ ಇದೇ ಥರ ಉಸಿರು ಬುಡೋಳು ಅಂತ ಅವರು ಹೇಳಿದಾಗ ನನ್ನ ನಗು ಎಲ್ಲಿ ಹೋಯ್ತೋ ಗೊತ್ತಾಗಲಿಲ್ಲ.

ಇದಕ್ಕೆ ಕಾರಣ ಇದೆ, ಹೇಳಿಬಿಡ್ತೀನಿ. ಗ್ಯಾಸ್ ಕಮ್ಮಿ ಆದ ಎಸಿಯಲ್ಲಿ, ಇಂಜಿನ್ ನಿಂತ ಮೇಲೆ ಉಳಿದ ಗ್ಯಾಸು ಒಳಗಡೆ ಸಣ್ಣ ತೂತಲ್ಲಿ ನುಗ್ಗುವಾಗ ಸದ್ದು ಮಾಡುತ್ತೆ. ಇದನ್ನ ಅವರಿಗೆ ಬಿಡಿಸಿ ಹೇಳ್ತಾ ಇದ್ದೆ. ಅಷ್ಟರಲ್ಲಿ ಮೇಸ್ತ್ರಿ ಬಾನೆಟ್ ಎತ್ತಿ, ನಮ್ಮ ಲೈನಲ್ಲಿ ಎಲ್ಲರೂ ಮಾಡೋ ಕೆಟ್ಟ ಅಭ್ಯಾಸ ಮಾಡಿದ. ಗ್ಯಾಸ್ ತುಂಬೋ ವಾಲ್ವಿನ ಕ್ಯಾಪ್ ಬಿಚ್ಚಿ, ಸ್ಕ್ರೂಡ್ರೈವರ್ ತುದಿಯಿಂದ ಒಳಗಿನ ಪಿನ್ ಒತ್ತಿ, ಗ್ಯಾಸ್ ಇದೆಯೋ ಇಲ್ವೋ ಅಂತ ನೋಡಿದ. ಅಲ್ಲೂ ಹುಸ್ಸ್ ಅಂತು. ಅಕ್ಕ ಕಾರಿಂದ ಇಳಿದು ಬಂದು ಆ ವಾಲ್ವನ್ನೇ ನೋಡ್ತಾ ನಿಂತ್ರು.

“ಇಲ್ಲೂ ಇದಾರಾ?” ಅಂದ್ರು.

ಮೇಸ್ತ್ರಿ ಸ್ಕ್ರೂಡ್ರೈವರ್ ಅಲ್ಲೇ ಬಿಟ್ಟು ಚಾ ಕುಡಿದು ಬರ್ತೀನಿ ಅಂತ ಹೋದವನು ಕಾರು ಹೋಗೋವರೆಗೂ ಬರಲಿಲ್ಲ. ನಾನೇ ಹುಡುಕಿದೆ. ಮುಂದಿನ ಪೈಪಿನ ಜಾಯಿಂಟಲ್ಲಿ ರಬ್ಬರ್ ರಿಂಗು ಒಣಗಿ ಬಿರುಕು ಬಿಟ್ಟಿತ್ತು. ಬದಲಾಯಿಸಿ, ಗ್ಯಾಸ್ ತುಂಬಿದೆ. ಎಸಿ ಕೊರೆಯೋ ಹಾಗೆ ಬಂತು, ಆಫ್ ಮಾಡಿದ್ರೆ ಸದ್ದೇ ಇಲ್ಲ. ಟ್ಯಾಂಕರ್ ಅಣ್ಣ ನನ್ನ ಬೆನ್ನು ತಟ್ಟಿದ್ರು. ಇನ್ನು ಬರಲ್ವಾ ಅಂತ ಅಕ್ಕ ಕೇಳಿದ್ರು. ಬರೋ ಮಾತೇ ಇಲ್ಲ ಅಕ್ಕ, ಗ್ಯಾರಂಟಿ ಅಂದೆ. ಅವರು ಕಣ್ಣು ತುಂಬ್ಕೊಂಡ್ರು. ಕೆಲಸ ಅಷ್ಟು ಚೆನ್ನಾಗಿ ಮಾಡಿದೀನಿ ಅಂತ ನನಗೇ ಹೆಮ್ಮೆ ಆಯ್ತು.

೨. ಎಡಗಡೆ ಮಾತ್ರ ಚಳಿ

ಕೆಲವು ವಾರ ಕಳೆದ ಮೇಲೆ ಟ್ಯಾಂಕರ್ ಅಣ್ಣ ಒಬ್ಬರೇ ಬಂದ್ರು. ಅಂಗಿ ಒದ್ದೆ, ಮುಖ ಕೆಂಪು. ಅವರ ಕಡೆ ಬಿಸಿ ಗಾಳಿ, ಎಡಗಡೆ ಖಾಲಿ ಸೀಟಿನ ಕಡೆ ಮಾತ್ರ ತಣ್ಣನೆ ಗಾಳಿ. ನಾನು ಕೈ ಇಟ್ಟು ನೋಡಿದೆ, ನಿಜ. ಗ್ಯಾಸ್ ಅರ್ಧ ಆದ್ರೆ ಹಳೇ ಕಾರಲ್ಲಿ ಹಾಗೂ ಆಗುತ್ತೆ. ಆದ್ರೆ ಆ ಸೀಟಿನ ಮುಂದೆ ಕೈ ಹಿಡಿದಾಗ ಮೊಣಕೈವರೆಗೂ ರೋಮ ನಿಂತಿದ್ದು ಗ್ಯಾಸಿನ ಲೆಕ್ಕಕ್ಕೆ ಸೇರಲ್ಲ.

ಅವ್ವ ಇದ್ದಾಗಲೂ ಹಿಂಗೇ ಅಂತೆ. ತಂಪೆಲ್ಲಾ ತನ್ನ ಕಡೆ ತಿರುಗಿಸ್ಕೊಂಡು, ಆಮೇಲೆ ಚಳಿ ಚಳಿ ಅಂತ ಮಗನ್ನ ಬಯ್ಯೋರಂತೆ. ಇಷ್ಟು ಹೇಳಿ ಅವರು ದನಿ ತಗ್ಗಿಸಿದ್ರು. ನಿಟ್ಟುಸಿರೂ ವಾಪಸ್ ಬಂದಿದೆ. ಹೋಪ್ ಫಾರ್ಮ್ ಸಿಗ್ನಲ್ಲಲ್ಲಿ ಗಾಡಿ ಆಫ್ ಮಾಡಿದ್ರೆ ಸಾಕು, ಪಕ್ಕದಲ್ಲಿ ಉಸಿರು.

“ನಾನ್ ಏನೋ ತಪ್ ಮಾಡಿವ್ನಿ ಅನ್ನಂಗೆ ಬುಡ್ತಾಳೆ ಗುರು. ಇನ್ನೊಂದ್ ಕಿತ ಗ್ಯಾಸ್ ಓದ್ರೆ ಗಾಡಿ ಎಕ್ಸ್‌ಚೇಂಜ್‌ಗೆ ಕೊಟ್ಬುಡ್ತೀನಿ. ಮನೇಲೂ ಏಳಿವ್ನಿ.”

ಮನೇಲಿ ಇದಕ್ಕೆ ದೊಡ್ಡ ರಂಪ ಆಗಿದೆಯಂತೆ. ಕಾರು ಕೊಡೋ ಹಾಗಿಲ್ಲ ಅಂತ ಅಕ್ಕ ಊಟ ಬಿಟ್ಟಿದಾರಂತೆ. ಅತ್ತೆ ಸೊಸೆಗೆ ಹಾವು ಮುಂಗುಸಿ ಥರ ಇತ್ತು, ಈಗ ಅತ್ತೆ ಕೂತಿದ್ದ ಕಾರಿಗೆ ಯಾಕೆ ಇಷ್ಟು ಹಟ ಅಂತ ಅವರಿಗೆ ಅರ್ಥವೇ ಆಗ್ತಿಲ್ಲ.

ಗಾಡಿ ಬಿಟ್ಟು ಹೋಗಿ ಅಂದೆ. ಉಳಿದ ಗ್ಯಾಸ್ ತೆಗೆದು ನೈಟ್ರೋಜನ್ ತುಂಬಿ, ಪ್ರತಿ ಜಾಯಿಂಟಿಗೂ ಸೋಪಿನ ನೀರು ಬಳಿದ್ವಿ. ಎಲ್ಲಿ ಲೀಕಿದೆಯೋ ಅಲ್ಲಿ ಗುಳ್ಳೆ ಏಳಬೇಕು. ಒಂದು ಗುಳ್ಳೆ ಏಳಲಿಲ್ಲ. ಮಾರನೇ ದಿನಕ್ಕೂ ಮೀಟರಿನ ಮುಳ್ಳು ಕದಲಿರಲಿಲ್ಲ. ನಮ್ಮ ಹತ್ರ ಇದ್ದರೆ ಗಟ್ಟಿ, ಅವರ ಮನೆಗೆ ಹೋದರೆ ಖಾಲಿ. ಇಷ್ಟು ವರ್ಷದ ಕಸುಬಲ್ಲಿ ಹೀಗೆ ಆಟ ಆಡಿಸಿದ ಲೀಕು ಇನ್ನೊಂದಿಲ್ಲ. ನನಗೆ ತಲೆ ಕೆಟ್ಟು ಹೋಯ್ತು.

ಗಾಡ್ಯಾಗ ಏನೂ ಇಲ್ರಿ, ಅವರ ಮನ್ಯಾಗ ನೋಡಬೇಕು ಅಂದ ಮೇಸ್ತ್ರಿ. ಪೂಜೆ ಗೀಜೆ ಅಂತ ಶುರು ಮಾಡಬೇಡ, ಸೋಪಿನ ಬಕೀಟು ತೊಳೆದಿಡು ಅಂತ ಬೈದೆ.

೩. ಖಾಲಿ ಸೀಟಿಗೆ ಕೂಗಿದ ಯಂತ್ರ

ಲೀಕು ಹಿಡಿಯೋಕೆ ಒಂದು ಯಂತ್ರ ಬರುತ್ತೆ. ಕೈಯಲ್ಲಿ ಹಿಡಿದು, ಅದರ ಉದ್ದ ಮೂತಿಯನ್ನ ಪೈಪಿನ ಮೇಲೆ ಓಡಿಸಿದ್ರೆ, ಗ್ಯಾಸ್ ಇದ್ದ ಕಡೆ ಕೀ ಕೀ ಅಂತ ಕೂಗುತ್ತೆ. ಗ್ಯಾಸ್ ಮತ್ತೆ ತುಂಬಿ, ಮಟಮಟ ಮಧ್ಯಾಹ್ನ ಟ್ಯಾಂಕರ್ ಅಣ್ಣನ ಎದುರಿಗೇ ಬಾನೆಟ್ ಒಳಗೆಲ್ಲಾ ಓಡಿಸಿದೆ. ಯಂತ್ರ ಸುಮ್ಮನಿತ್ತು. ಕಾರಿನ ಒಳಗೆ ಹೋದೆ. ಸ್ಟಿಯರಿಂಗ್ ಕಡೆ ಸುಮ್ಮನಿತ್ತು. ಮೂತಿಯನ್ನ ಎಡಗಡೆಗೆ ತಿರುಗಿಸಿದೆ ನೋಡಿ, ಕೀ ಅಂತು. ಖಾಲಿ ಸೀಟಿನ ಹತ್ರ ಹೋದಷ್ಟೂ ಜೋರಾಯ್ತು. ದೂರ ತಂದರೆ ಸುಮ್ಮನಾಗುತ್ತೆ, ಹತ್ರ ಹೋದರೆ ಬಾಯಿ ಬಡ್ಕೊಳ್ಳುತ್ತೆ.

ಮೇಸ್ತ್ರಿ ಆಗಲೇ ಚಪ್ಪಲಿ ಬಿಟ್ಟು ಕೈ ಮುಗಿದಿದ್ದ. ನನಗೂ ಓಡಬೇಕು ಅನ್ನಿಸ್ತು, ಆದ್ರೆ ಶೆಡ್ಡಿನ ಓನರ್ ಆದಮೇಲೆ ಓಡಿ ಹೋಗೋಕಾಗಲ್ಲ. ಸೀಟಿನ ಕೆಳಗೆ ಕೈ ಹಾಕಿದೆ. ಮೆತ್ತಗೆ ಏನೋ ಸಿಕ್ತು. ಎಳೆದೆ. ಮಡಿಚಿಟ್ಟ ಉಣ್ಣೆ ಶಾಲು, ಅದರ ಮಡಿಕೆಯಲ್ಲೆಲ್ಲಾ ನುಸಿಗುಳಿಗೆ. ಆ ಗುಳಿಗೆಯ ಘಾಟಿಗೇ ಯಂತ್ರ ಮೋಸ ಹೋಗಿತ್ತು. ಒಂದು ಗುಳಿಗೆ ತೆಗೆದು ಹಿತ್ತಲ ಬಾಗಿಲ ಹತ್ರ ಇಟ್ಟು ಯಂತ್ರ ಹಿಡಿದೆ, ಅಲ್ಲೂ ಕೂಗ್ತು. ಎಲ್ಲರೂ ನಕ್ಕೆವು, ಸ್ವಲ್ಪ ಜಾಸ್ತಿನೇ ನಕ್ಕೆವು.

ಆದ್ರೆ ಶಾಲು ಇಲ್ಲಿಗೆ ಹೆಂಗೆ ಬಂತು ಅಂತ ಟ್ಯಾಂಕರ್ ಅಣ್ಣನಿಗೆ ಗೊತ್ತಿರಲಿಲ್ಲ. ಅವ್ವನ ಸಾಮಾನೆಲ್ಲಾ ಅಟ್ಟಕ್ಕೆ ಹಾಕಿಸಿದ್ದರಂತೆ. ಅಲ್ಲೇ ನಿಂತು ಮನೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದ್ರು. ಅಕ್ಕನ ದನಿ ಕೇಳಿಸ್ತು.

“ನಾನೇ ಇಟ್ಟೆ ಕಣ್ರೀ. ಎಡಗಡೆ ಅಷ್ಟು ತಣ್ಣಗೆ ಬರುತ್ತಲ್ಲ, ಅತ್ತೆಗೆ ಚಳಿ ಆಗಲ್ವಾ?”

ಟ್ಯಾಂಕರ್ ಅಣ್ಣ ಫೋನ್ ಇಟ್ಟು ಗೋಡೆ ನೋಡ್ತಾ ನಿಂತ್ರು. ಶಾಲು ಮುಟ್ಟೋಕೇ ಹೆದರ್ತಿದ್ದ ಮೇಸ್ತ್ರಿ ಆಮೇಲೆ ಅದನ್ನ ನೀಟಾಗಿ ಮಡಿಚಿ, ಎರಡೂ ಕೈಯಲ್ಲಿ ಸೀಟಿನ ಮೇಲಿಟ್ಟು, ಸೀಟಿಗೆ ಹೇಳಿದ: ಗುಳಗಿ ತಗದೀನ್ರಿ ಅಮ್ಮಾ, ವಾಸನಿ ಬರೂದಿಲ್ಲ ಇನ್ನ.

೪. ಹಸಿರು ಬೆರಳು

ಆ ಸಲ ಗ್ಯಾಸಿನ ಜೊತೆ ಒಂದು ಬಣ್ಣ ಹಾಕಿ ಕಳಿಸಿದ್ದೆ. ಲೀಕಾದ ಜಾಗದಲ್ಲಿ ಆ ಬಣ್ಣ ಆಚೆ ಬಂದು ಅಂಟ್ಕೊಳ್ಳುತ್ತೆ. ಬರಿಗಣ್ಣಿಗೆ ಕಾಣಲ್ಲ, ಕತ್ತಲಲ್ಲಿ ನೇರಳೆ ಟಾರ್ಚ್ ಬಿಟ್ಟರೆ ಹಸಿರಾಗಿ ಹೊಳೆಯುತ್ತೆ. ಮತ್ತೆ ಗ್ಯಾಸ್ ಹೋಯ್ತು, ಗಾಡಿ ಬಂತು. ಈ ಸಲ ಟ್ಯಾಂಕರ್ ಅಣ್ಣ ಜಗಳ ಆಡಲಿಲ್ಲ. ಎಕ್ಸ್‌ಚೇಂಜ್‌ನವರು ನಾಳೆ ಗಾಡಿ ನೋಡೋಕೆ ಬರ್ತಾರೆ, ಇವತ್ತು ಸಾಯಂಕಾಲದೊಳಗೆ ಲೀಕು ಸಿಕ್ಕರೆ ಸಿಕ್ತು, ಇಲ್ಲಾ ಅಂದ್ರೆ ಋಣ ತೀರ್ತು ಅಂತ ಹೇಳಿ ಹೋದ್ರು. ಗ್ಯಾರಂಟಿ ಅಂತ ಬಾಯಿ ಬಿಟ್ಟ ನನಗೆ ಊರಲ್ಲಿ ಮುಖ ಎತ್ತಿ ಓಡಾಡೋ ಹಾಗಿಲ್ಲ ಅನ್ನಿಸ್ತು.

ಹಗಲಲ್ಲೇ ಶಟರ್ ಎಳೆದು, ತಗಡಿನ ತೂತಿಗೆಲ್ಲಾ ಗೋಣಿಚೀಲ ತುರುಕಿ ಕತ್ತಲು ಮಾಡಿದ್ವಿ. ನಾನು ಹಳದಿ ಕನ್ನಡಕ ಹಾಕ್ಕೊಂಡು ಟಾರ್ಚ್ ಹಚ್ಚಿದೆ. ಮೊದಲು ಕಾಣಿಸಿದ್ದು ಮೇಸ್ತ್ರಿಯ ಬನಿಯನ್ನು. ಬನಿಯನ್ ಒಂದೇ, ಮೇಸ್ತ್ರಿ ಇಲ್ಲ. ಅದು ಗಾಳಿಯಲ್ಲಿ ನಿಂತು ಏನಾಯ್ತ್ರಿ ಅಂತ ಕೇಳ್ತು. ಬೆಳ್ಳಗೆ ಒಗೆದ ಬಟ್ಟೆ ಆ ಬೆಳಕಿಗೆ ಹಾಗೆ ಹೊಳೆಯುತ್ತೆ ಅಂತ ಗೊತ್ತಿದ್ದೂ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಪೈಪು ನೋಡಿದೆ, ಏನಿಲ್ಲ. ಜಾಯಿಂಟು ನೋಡಿದೆ, ಏನಿಲ್ಲ. ಗ್ಯಾಸ್ ತುಂಬೋ ವಾಲ್ವಿನ ಹತ್ರ ಬಂದೆ, ಹಸಿರು ಭಗ್ ಅಂತ ಹೊಳೀತು. ಗ್ಯಾಸ್ ತುಂಬಿದ ಮೇಲೆ ಅದನ್ನ ನಾನೇ ಒರೆಸಿ ಕ್ಯಾಪ್ ಹಾಕಿದ್ದೆ. ಟಾರ್ಚ್ ಪಕ್ಕಕ್ಕೆ ಸರಿಸಿದೆ. ಬಾನೆಟ್ ಅಂಚಲ್ಲಿ ಒಂದು ಹಸಿರು ಬೆರಳಿನ ಗುರುತು. ಸಣ್ಣ ಬೆರಳು. ಅಲ್ಲಿಂದ ಎಡಗಡೆ ಬಾಗಿಲ ಹಿಡಿಯ ಮೇಲೆ ಒಂದು. ಬಾಗಿಲು ತೆಗೆದೆ. ಖಾಲಿ ಸೀಟಿನ ತಲೆದಿಂಬಿನ ಮೇಲೆ, ತಲೆ ಸವರಿದ ಹಾಗೆ, ಸಾಲಾಗಿ ಹಸಿರು ಬೆರಳುಗಳು.

ಬನಿಯನ್ನು ಶಟರ್ ಕಡೆ ಓಡ್ತು. ಶಟರ್ ಸೊಂಟದ ಎತ್ತರಕ್ಕೆ ಎದ್ದು, ಬನಿಯನ್ನು ಬಗ್ಗಿ ಆಚೆ ಹೋಗಿ, ಶಟರ್ ಮತ್ತೆ ಕೆಳಗೆ ಬಿತ್ತು. ನಾನೊಬ್ಬನೇ ಒಳಗೆ. ದೆವ್ವದ ಬೆರಳಿಗೆ ಗೆರೆ ಇರಲ್ಲ, ಇದರಲ್ಲಿ ಗೆರೆ ಇದೆ ಅಂತ ನನಗೆ ನಾನೇ ಧೈರ್ಯ ಹೇಳ್ಕೊಳ್ತಾ ಇದ್ದೆ. ಹಿಂದೆ ಹಿತ್ತಲ ಬಾಗಿಲು ಕಿರ್ ಅಂತ ತೆರೆದು ಮುಚ್ಚಿಕೊಂಡ ಸದ್ದು. ತಿರುಗಿ ಟಾರ್ಚ್ ಹಿಡಿದೆ. ತಲೆಯೆತ್ತರದಲ್ಲಿ ಒಂದು ಹಸಿರು ಕಡ್ಡಿ ಗಾಳಿಯಲ್ಲಿ ತೇಲ್ತಾ ನನ್ನ ಕಡೆಗೇ ಬರ್ತಾ ಇತ್ತು.

ನಾನು ಕೂಗಿದ್ದು ಐಟಿ ಪಾರ್ಕಿನ ಸೆಕ್ಯುರಿಟಿಗೂ ಕೇಳಿಸ್ತಂತೆ. ಲೈಟ್ ಹಾಕಿ ನೋಡಿದ್ರೆ ಅಕ್ಕ. ಹೊಳೆದಿದ್ದು ಅವರ ತುರುಬಿನ ಪಿನ್ನು.

೫. ಬಸ್ಸಾರು

ಅಕ್ಕ ಬಂದಿದ್ದು ಗಾಡಿ ಮಾರದ ಹಾಗೆ ಏನಾದ್ರೂ ಮಾಡಿ ಅಂತ ಬೇಡ್ಕೊಳ್ಳೋಕೆ. ನಾನು ಆ ಪಿನ್ನನ್ನೇ ನೋಡ್ತಿರೋದು ಕಂಡು, ತುರುಬಿಂದ ಕಿತ್ತು ಸೆರಗಲ್ಲಿ ಮುಚ್ಕೊಂಡ್ರು. ಆಮೇಲೆ ಮುಚ್ಚಿಟ್ಟು ಏನು ಪ್ರಯೋಜನ ಅಂತ ಅವರೇ ಹೇಳಿದ್ರು. ಮೊದಲನೇ ದಿನ ಮೇಸ್ತ್ರಿ ವಾಲ್ವ್ ಒತ್ತಿದ್ದನ್ನ ನೋಡ್ಕೊಂಡಿದ್ದರು. ನಾನು ಲೀಕು ಸರಿ ಮಾಡಿದ ಮೇಲೆ ನಿಟ್ಟುಸಿರು ನಿಂತು ಹೋಯ್ತಲ್ಲ, ಗಂಡ ಟ್ಯಾಂಕರ್ ಹಿಂದೆ ಹೋದಾಗ ಬಾನೆಟ್ ಎತ್ತಿ, ಪಿನ್ ಚುಚ್ಚಿ, ಉಸಿರು ಬರೋವಷ್ಟು ಗ್ಯಾಸ್ ಬಿಡೋರು. ಅವರ ಬೆರಳ ತುದಿ ಗ್ಯಾಸಿನ ತಂಪಿಗೆ ಸುಟ್ಟು ಬೆಳ್ಳಗಾಗಿತ್ತು.

ಅತ್ತೆ ಕಂಡ್ರೆ ಆಗ್ತಿರಲಿಲ್ಲವಲ್ಲ ಅಕ್ಕ ಅಂದೆ. ಆಗ್ತಿರಲಿಲ್ಲ, ಅದಕ್ಕೇ ಅಂದ್ರು. ಕೊನೇ ಸಲ ಇದೇ ಕಾರಲ್ಲಿ ನೆಂಟರ ಮನೆಗೆ ಹೋಗುವಾಗ ಅವರು ಅತ್ತೆಯನ್ನ ನೇರವಾಗಿ ಕೇಳಿದ್ದರಂತೆ, ಮದುವೆಯಾದಾಗಿಂದ ಬಸ್ಸಾರು ಮಾಡಿ ಬಡಿಸ್ತಾ ಇದೀನಿ, ಒಂದು ದಿನ ಚೆನ್ನಾಗಿದೆ ಅಂದಿಲ್ಲ, ಚೆನ್ನಾಗಿತ್ತಾ ಇಲ್ವಾ ಇವತ್ತು ಹೇಳಿಬಿಡಿ ಅಂತ. ಕಾರು ನಿಲ್ತು. ಅತ್ತೆ ಒಂದು ನಿಟ್ಟುಸಿರು ಬಿಟ್ಟು ಇಳಿದು ಹೋದ್ರು. ಮಾರನೇ ದಿನ ಬೆಳಗಾಗೋದ್ರಲ್ಲಿ ಹೋಗಿಯೇಬಿಟ್ಟಿದ್ರು.

“ಜಗಳ ಅರ್ಧಕ್ಕೆ ನಿಂತಿದೆ ಕಣಣ್ಣ. ದಿನಾ ಹಿಂದೆ ಕೂತ್ಕೊಂಡು ಕೇಳ್ತೀನಿ, ಉಸಿರು ಬಿಡ್ತಾರೆ. ಇವತ್ತಲ್ಲ ನಾಳೆ ಬಾಯಿ ಬಿಡ್ತಾರೆ ಅಂತ.”

ಲೀಕು ನಿಲ್ಲಿಸಿದ್ರೆ ಅತ್ತೆ ಹೋಗ್ತಾರೆ, ನಿಲ್ಲಿಸದೇ ಇದ್ರೆ ಕಾರೇ ಹೋಗುತ್ತೆ. ಅಷ್ಟರಲ್ಲಿ ಶಟರ್ ಎದ್ದಿತು. ಮೇಸ್ತ್ರಿ ಓಡಿ ಹೋಗಿ ಟ್ಯಾಂಕರ್ ಅಣ್ಣನನ್ನೇ ಕರ್ಕೊಂಡು ಬಂದಿದ್ದ. ತಗಡಿನ ಆಚೆ ನಿಂತು ಅವರು ಎಲ್ಲಾ ಕೇಳಿಸ್ಕೊಂಡಿದ್ದರು. ಬೈತಾರೆ ಅಂದ್ಕೊಂಡೆ. ಅವರು ಬಾನೆಟ್ ಹಿಡ್ಕೊಂಡು ನೆಲ ನೋಡ್ತಾ ಅಂದ್ರು:

“ಅವ್ವ ಯಾರ್ ಮನೇಲೂ ಬಸ್ಸಾರು ಮುಟ್ತಿರ್ಲಿಲ್ಲ. ನಮ್ ಸೊಸೆ ಕೈ ರುಚಿ ಬರಾಕಿಲ್ಲ ಅನ್ನೋಳು. ನಿಂಗ್ ಏಳ್ಬ್ಯಾಡ ಅಂದಿದ್ಲು. ಒಗಳಿದ್ರೆ ಕೈ ಕೆಡ್ತದಂತೆ.”

ಅಕ್ಕ ಸುಮ್ಮನೆ ಹೋಗಿ ಆ ಎಡಗಡೆ ಸೀಟಿನ ಬಾಗಿಲು ತೆಗೆದು, ಶಾಲು ತೊಡೆ ಮೇಲಿಟ್ಕೊಂಡು ಕೂತ್ಕೊಂಡ್ರು. ತುಂಬಾ ಹೊತ್ತು ಅತ್ತರು. ನಾನು ಮೇಸ್ತ್ರಿ ಆ ಕಡೆ ತಿರುಗಿ, ಬೇಡದ ಸ್ಪ್ಯಾನರ್‌ಗಳನ್ನ ಒರೆಸ್ತಾ ಕೂತ್ವಿ. ಅಳು ನಿಂತ ಮೇಲೆ ಅಕ್ಕ ಮೂಗು ಒರೆಸ್ಕೊಂಡು ಗಂಡನ ಕಡೆ ನೋಡಿದ್ರು. ಇದು ನಿಮಗೆ ಇಷ್ಟು ವರ್ಷದಿಂದ ಗೊತ್ತಿತ್ತಾ ಅಂತ ಕೇಳಿದ್ರು. ಆ ಕೇಳಿದ ರೀತಿಗೆ ಮೇಸ್ತ್ರಿ ಮತ್ತೆ ಚಾ ಕುಡಿಯೋಕೆ ಹೋದ.

೬. ಒಂದು ಸಣ್ಣ ಲೀಕು

ಕಾರು ಮಾರಲಿಲ್ಲ. ವಾಲ್ವಿನ ಒಳಗೆ ಹೊಸ ಪಿನ್ ಹಾಕಿ, ಗ್ಯಾಸ್ ತುಂಬಿ, ಕ್ಯಾಪ್ ಬಿಗಿ ಮಾಡಿ ಕಳಿಸಿದೆ. ಸ್ವಲ್ಪ ದಿನ ಆದ್ಮೇಲೆ ಟ್ಯಾಂಕರ್ ಅಣ್ಣ ಒಬ್ಬರೇ ಬಂದ್ರು. ಮುಖ ಬಾಡಿತ್ತು. ಮತ್ತೆ ಗ್ಯಾಸ್ ಹೋಯ್ತಾ ಅಂತ ಗಾಬರಿಯಿಂದ ಕೇಳಿದೆ. ಇಲ್ಲ, ಎರಡೂ ಕಡೆ ಐಸ್ ಥರ ಬರ್ತಿದೆ, ಸದ್ದಿಲ್ಲ, ಏನಿಲ್ಲ. ಆಮೇಲೆ ಆ ಕಡೆ ಈ ಕಡೆ ನೋಡಿ, ಒಂದು ಸಣ್ಣ ಲೀಕು ಮಾಡಿಕೊಡ್ತೀಯಾ ಗುರು ಅಂದ್ರು.

ಇಷ್ಟು ವರ್ಷದಲ್ಲಿ ನನ್ನ ಹತ್ರ ಯಾರೂ ಕೇಳಿರದ ಕೆಲಸ ಅದು. ಏನಾಯ್ತು ಅಂದ್ರೆ, ಅತ್ತೆ ಜೊತೆ ಇದ್ದ ಜಗಳ ಮುಗಿದು ಹೋಗಿ ಅಕ್ಕ ಈಗ ಪೂರ್ತಿ ಗಂಡನ ಮೇಲೆ ಬಿದ್ದಿದಾರೆ. ಬೆಳಗ್ಗೆ ಕಾಫಿ ಕೊಡ್ತಾ ಯಾಕೆ ಹೇಳಲಿಲ್ಲ, ಊಟಕ್ಕೆ ಬಡಿಸ್ತಾ ಯಾಕೆ ಹೇಳಲಿಲ್ಲ. ಮೊದಲು ಅವರಿಬ್ಬರು ಜಗಳ ಆಡ್ತಿದ್ರೆ ಇವರು ನಡುವೆ ಕೂತು ಆರಾಮಾಗಿ ಟಿವಿ ನೋಡೋರಂತೆ. ಈಗ ರಿಮೋಟು ಎಲ್ಲಿದೆ ಅಂತಾನೂ ಗೊತ್ತಿಲ್ಲ. ನಾನು ನಕ್ಕೆ. ಅವರು ನಗಲಿಲ್ಲ.

“ಅದೂ ಅಲ್ದೆ ಗುರು, ಸಿಗ್ನಲ್ಲಲ್ಲಿ ಆಫ್ ಮಾಡಿದ್ರೆ ಏನೂ ಕೇಳಾಕಿಲ್ಲ. ಅವ್ವ ಈಗ ನಿಜವಾಗ್ಲೂ ಓದ್ಲು ಅನ್ಸ್ತದೆ.”

ಗ್ಯಾಸ್ ಕಮ್ಮಿ ಮಾಡಿ ಓಡಿಸಿದ್ರೆ ಕಂಪ್ರೆಸರ್ ಸುಟ್ಟು ಹೋಗುತ್ತೆ, ಆ ಪಾಪದ ಕೆಲಸ ನಾನು ಮಾಡಲ್ಲ ಅಂತ ತಿಳಿಸಿ ಹೇಳಿದೆ. ಸಮಾಧಾನಕ್ಕೆ ಮೀಟರ್ ಹಾಕಿ ತೋರಿಸಿದೆ, ಗ್ಯಾಸ್ ಪೂರ್ತಿ ಇತ್ತು. ಅವರು ತಲೆ ಆಡಿಸಿ ಇಂಜಿನ್ ಆಫ್ ಮಾಡಿ ಕೆಳಗಿಳಿದ್ರು. ಹಗಲು ಹೊತ್ತು, ರಸ್ತೆಯಲ್ಲಿ ಕ್ಯಾಬುಗಳ ಹಾರನ್ನು. ಕಾರಲ್ಲಿ ಯಾರೂ ಇಲ್ಲ, ಬಾಗಿಲೆಲ್ಲಾ ಮುಚ್ಚಿದೆ, ಅವರ ಕಡೆ ಗಾಜು ಮಾತ್ರ ಇಳಿದಿದೆ. ಆ ಗಾಜಿನಿಂದ ನಿಧಾನವಾಗಿ ಹುಸ್ಸ್... ಅಂತ ಬಂತು. ಅರ್ಧಕ್ಕೆ ನಿಂತು, ಮತ್ತೆ ಸ್ವಲ್ಪ ಬಂದು, ಮೆತ್ತಗೆ ಮುಗೀತು.

ಮೇಸ್ತ್ರಿ ಕೈಯಿಂದ ಸ್ಪ್ಯಾನರ್ ಬಿತ್ತು. ನಾನು ಮೀಟರ್ ನೋಡಿದೆ, ಮುಳ್ಳು ಇರಬೇಕಾದ ಜಾಗದಲ್ಲೇ ಇತ್ತು. ಇದಕ್ಕೆ ಕಾರಣ ಹೇಳೋಕೆ ಬಾಯಿ ತೆಗೆದೆ, ಕಾರಣ ಇರಲಿಲ್ಲ. ಟ್ಯಾಂಕರ್ ಅಣ್ಣ ಮಾತ್ರ ಹೆದರಲಿಲ್ಲ. ಕಿಟಕಿಯಲ್ಲಿ ತಲೆ ತೂರಿಸಿ ಖಾಲಿ ಸೀಟಿನ ಜೊತೆ ಮಾತಾಡಿದ್ರು:

“ಅವ್ವಾ, ಮನೆಗ್ ಓಗಣ ನಡಿ. ಏಳ್ಬ್ಯಾಡ ಅಂದಿದ್ದು ನೀನೇ ಅಂತ ಅವಳಿಗೆ ನೀನೇ ಏಳ್ಬುಡು.”

ಅಷ್ಟು ಹೇಳಿ, ಸುತ್ತಿಕೊಂಡು ಆ ಕಡೆ ಹೋಗಿ, ಎಡಗಡೆ ಬಾಗಿಲು ತೆಗೆದು, ಖಾಲಿ ಸೀಟಿಗೆ ಜೋಪಾನವಾಗಿ ಬೆಲ್ಟ್ ಹಾಕಿದ್ರು.